ದುಡಿದ ಗಾಡಿಗೆ ವಾರಸುದಾರರು ಯಾರು?

ಭಾರತ ಹುಣ್ಣಿಮೆಯ ಹೊತ್ತಿಗೆ ಉಗರಗೋಳದ ರಸ್ತೆ ಬದಿ ಒಂದು ತಾಸು ನಿಂತರೆ ಸಾಕು, ನಾಡಿನ ಸಾಗಾಟದ ಚರಿತ್ರೆ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಜೂಲ ಹೊದ್ದು, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಕೊರಳ ಗಂಟೆ ಕುಣಿಸುತ್ತ ಬರುವ ಎತ್ತಿನ ಚಕ್ಕಡಿಗಳು. ಅವುಗಳ ಬೆನ್ನಿಗೆ ಮಂದಿ, ಕಟ್ಟಿಗೆ, ಹಿಟ್ಟಿನ ಚೀಲ ಎಲ್ಲವನ್ನೂ ಹೇರಿಕೊಂಡ ಟ್ರ್ಯಾಕ್ಟರು. ಸಂದು ಸಿಕ್ಕಲ್ಲಿ ನುಗ್ಗುವ ಕ್ರೂಸರ್, ಟಂಟಂ, ಛೋಟಾ ಹಾಥಿ, ಪಿಕಪ್. ಎಲ್ಲದರ ಮೇಲೂ ಭಂಡಾರ, ಎಲ್ಲದರೊಳಗಿಂದಲೂ ‘ಉಧೋ ಉಧೋ’. ಯಲ್ಲಮ್ಮನ ಗುಡ್ಡದ ಬುಡದ ಈ ಊರು ಎಷ್ಟು ತಲೆಮಾರಿನ ಗಾಲಿಗಳನ್ನು ಕಂಡಿದೆಯೋ.

ಆದರೆ ಆ ಸಾಲಿನಲ್ಲಿ ಒಂದು ಪೀಳಿಗೆಯೇ ಕಾಣೆಯಾಗಿದೆ. ಚಕ್ಕಡಿ ಇದೆ, ನಿನ್ನೆ ಮೊನ್ನೆಯ ಪಿಕಪ್ಪೂ ಇದೆ. ನಡುವಿನ ನಾಲ್ಕೈದು ದಶಕ ಈ ಸೀಮೆಯ ಹೊರೆ ಹೊತ್ತ ಉದ್ದ ಮೂತಿಯ ಫಾರ್ಗೊ, ಎಡಗಡೆ ಸ್ಟಿಯರಿಂಗಿನ ಜೀಪು, ಮೂತಿಯೇ ಇಲ್ಲದ ಎಫ್‌ಸಿ, ಮೂರು ಗಾಲಿಯ ಹನ್ಸಿಯಾಟ್ ಟೆಂಪೊ, ಮ್ಯಾಟಡೋರ್ ಎಲ್ಲಿ ಹೋದವು? ರಾಜರ ಕಾರುಗಳು ವಸ್ತುಸಂಗ್ರಹಾಲಯ ಸೇರಿದವು. ದೊಡ್ಡ ಮನೆತನಗಳ ಮೋಟಾರುಗಳಿಗೆ ಷೆಡ್ಡು ಸಿಕ್ಕಿತು. ಹತ್ತಿ, ಮೆಣಸಿನಕಾಯಿ, ಸೀರೆಯ ಗಂಟು ಹೊತ್ತ ಗಾಡಿಗಳು ಗುಜರಿಗೆ ಹೋದವು. ಹಳೆಯ ಪಿಕಪ್ಪುಗಳನ್ನು ಹುಡುಕಿ ತಂದು ಹೊಸದರಂತೆ ಮಾಡುವ ಹವ್ಯಾಸ ಜಗತ್ತಿನಲ್ಲೆಲ್ಲ ದೊಡ್ಡ ವ್ಯವಹಾರವಾಗಿ ಬೆಳೆದಿರುವಾಗ, ಸವದತ್ತಿ–ಬೈಲಹೊಂಗಲ ಸೀಮೆಯಲ್ಲಿ ಅವುಗಳ ಕಥೆ ಬೇರೆಯೇ ದಾರಿ ಹಿಡಿಯಿತು. ಯಾಕೆ ಎಂದು ತಿಳಿಯಲು ಚಕ್ಕಡಿಯಿಂದಲೇ ಶುರು ಮಾಡಬೇಕು.

ರೈಲು ಈ ಸೀಮೆಯನ್ನು ಬಳಸಿಕೊಂಡು ಹೋಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿತು. ಹಳಿ ಹೋದದ್ದು ಲೋಂಡಾ ಕಾಡಿನ ಕಡೆಯಿಂದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಹೊರಗೇ ಉಳಿದವು. ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ನೇರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2020ರ ಆಚೀಚೆ. ಲೋಕಾಪುರ–ರಾಮದುರ್ಗ–ಸವದತ್ತಿ–ಧಾರವಾಡ ಮಾರ್ಗಕ್ಕಾಗಿ ಮನವಿ, ಧರಣಿ, ಪಾದಯಾತ್ರೆ ಇಂದಿಗೂ ನಡೆದೇ ಇವೆ. ಹೀಗಾಗಿ ಇಲ್ಲಿ ಬೆಳೆದದ್ದೆಲ್ಲ ರಸ್ತೆಯ ಮೇಲೆಯೇ ಸಾಗಬೇಕಾಯಿತು, ಅದೂ ಸಣ್ಣ ಗಾಡಿಗಳಲ್ಲಿ.

ಬೆಳೆಯೇನು ಕಡಿಮೆ ಇರಲಿಲ್ಲ. ಎರೆಮಣ್ಣಿನ ಈ ನೆಲ ಹತ್ತಿಗೆ ಹೇಳಿ ಮಾಡಿಸಿದ್ದು. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬೈ, ಮುಂದೆ ಲಿವರ್‌ಪೂಲ್. ಬಯಲುಸೀಮೆಯಲ್ಲಿ ಬೆಳೆದ ಅರಳೆಗೆ ಇಂಗ್ಲೆಂಡಿನ ಪೇಟೆಯಲ್ಲಿ ಕಡಲ ತೀರದ ಆ ಬಂದರಿನ ಹೆಸರೇ ಬಿದ್ದಿತ್ತು. 1840ರ ದಶಕದಿಂದ ಇಲ್ಲಿ ಅಮೆರಿಕದ ತಳಿಯ ಹತ್ತಿಯೂ ಬೇರೂರಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಇಲ್ಲಿಯ ದರ ಗಗನಕ್ಕೇರಿತು, ಬಂಡಿಗಳಿಗೆ ಬಿಡುವೇ ಇಲ್ಲದಂತಾಯಿತು.

ಈ ಬಂಡಿ ಕಟ್ಟಿದವರು ಊರೂರಿನ ಬಡಿಗೇರರು, ಕಮ್ಮಾರರು. ಗುಂಬಕ್ಕೆ ಅರೆಗಳನ್ನು ಕೂರಿಸಿ, ಹೊರಸುತ್ತು ಜೋಡಿಸಿ, ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಹೊಯ್ದರೆ ಪಟ್ಟಿ ಕುಗ್ಗಿ ಇಡೀ ಗಾಲಿಯನ್ನು ಬಿಗಿಯುತ್ತದೆ. ಮೊಳೆಯಿಲ್ಲ, ಅಂಟಿಲ್ಲ. ಒಂದು ಅರೆ ಮುರಿದರೆ ಅರೆಯನ್ನಷ್ಟೇ ಬದಲಿಸಬೇಕು, ಪಟ್ಟಿ ಸಡಿಲಾದರೆ ಕಾಯಿಸಿ ಮತ್ತೆ ಹಾಕಬೇಕು. ಯಾವ ಭಾಗವನ್ನೂ ಊರಲ್ಲೇ ಮಾಡಿ ಕೂರಿಸಬಹುದು. ಗಾಡಿ ಎಂದಿಗೂ ಪೂರ್ತಿ ಹಳತಾಗುವುದಿಲ್ಲ, ಪೂರ್ತಿ ಹೊಸದಾಗಿಯೂ ಇರುವುದಿಲ್ಲ. ಮೋಟಾರು ಬಂದ ಮೇಲೆಯೂ ಈ ಸೀಮೆ ಗಾಡಿಯನ್ನು ನೋಡಿದ್ದು ಇದೇ ಕಣ್ಣಿನಿಂದ.

ಮೋಟಾರು ಬಂದದ್ದು ಮುಂಬೈಯಿಂದ. ಬೆಳಗಾವಿ ಆಗ ಮುಂಬೈ ಪ್ರಾಂತದ ಜಿಲ್ಲೆ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯಲ್ಲಿ ಜೋಡಣೆ ಕಾರ್ಖಾನೆ ತೆರೆದು ಷೆವ್ರೊಲೆ ಗಾಡಿಗಳನ್ನು ಹೊರಬಿಡತೊಡಗಿತು. ಫೋರ್ಡ್ ಕೂಡ ಹಿಂದೆ ಬೀಳಲಿಲ್ಲ. ಪೆಟ್ಟಿಗೆಯಲ್ಲಿ ಹಡಗಿನಿಂದ ಇಳಿದ ಬಿಡಿಭಾಗಗಳು ಇಲ್ಲಿ ಗಾಡಿಯಾಗುತ್ತಿದ್ದವು. ಗಾಡಿ ಎಂದರೂ ಕೊಂಡವನ ಕೈಗೆ ಬರುತ್ತಿದ್ದುದು ಬಹುಮಟ್ಟಿಗೆ ಛಾಸಿ: ಎಂಜಿನ್, ಚೌಕಟ್ಟು, ನಾಲ್ಕು ಗಾಲಿ, ಮುಂದೊಂದು ಬಾನೆಟ್ಟು. ಕೂರುವ ಹಲಗೆ, ಮೇಲಿನ ಚಾವಣಿ, ಹಿಂದಿನ ತೊಟ್ಟಿ ಎಲ್ಲ ಇಲ್ಲಿಯ ಬಡಿಗೇರರ ಕೈಕೆಲಸ. ಬಂಡಿ ಕಟ್ಟಿದ ಕೈಗಳಿಗೆ ಲಾರಿಯ ಬಾಡಿ ಕಟ್ಟುವುದು ಹೊಸ ವಿದ್ಯೆಯೇನಾಗಲಿಲ್ಲ.

ಪಿಕಪ್ಪಿನ ತವರಾದ ಅಮೆರಿಕದಲ್ಲೂ ಮೊದಲು ನಡೆದದ್ದು ಹೀಗೆಯೇ. ಅಲ್ಲಿಯ ರೈತರು ಮಾಡೆಲ್ ಟಿ ಕಾರಿನ ಹಿಂಬದಿ ಕಿತ್ತು, ಊರ ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ ಕೂರಿಸಿಕೊಳ್ಳುತ್ತಿದ್ದರು. ಇದನ್ನು ಕಂಡ ಹೆನ್ರಿ ಫೋರ್ಡ್ 1925ರ ಏಪ್ರಿಲ್‌ನಲ್ಲಿ ಕಾರ್ಖಾನೆಯಿಂದಲೇ ಕಬ್ಬಿಣದ ತೊಟ್ಟಿ ಕೂರಿಸಿದ ಗಾಡಿಯನ್ನು 281 ಡಾಲರಿಗೆ ಮಾರಾಟಕ್ಕಿಟ್ಟ. ಮೊದಲ ವರ್ಷವೇ ಮೂವತ್ತು ಸಾವಿರಕ್ಕೂ ಹೆಚ್ಚು ಖರ್ಚಾದವು. ಅಲ್ಲಿಂದ ಮುಂದೆ ಅಮೆರಿಕದ ಪಿಕಪ್ ಕಂಪನಿಯ ಸಾಮಾನಾಯಿತು. ಯಾವ ವರ್ಷ ಯಾವ ಬಣ್ಣ, ಯಾವ ಹಿಡಿಕೆ, ಯಾವ ಫಲಕ ಎಂಬುದೆಲ್ಲ ಕಾಗದದಲ್ಲಿ ದಾಖಲಾಗತೊಡಗಿತು. ನಮ್ಮಲ್ಲಿ ಬಡಗಿಯ ಕಾಲ ಇನ್ನೂ ಅರ್ಧ ಶತಮಾನ ಮುಂದುವರಿಯಿತು.

ಈ ವ್ಯತ್ಯಾಸ ಸಣ್ಣದಲ್ಲ. ಇಂದು ಅಮೆರಿಕದ ಸಂಗ್ರಾಹಕರು ಮುಗಿಬೀಳುವ ವಿಶೇಷ ಆವೃತ್ತಿಯ ಪಿಕಪ್ಪುಗಳಿಗೆ ಬೆಲೆ ಬರುವುದೇ ಆ ದಾಖಲೆಯಿಂದ. ಡಾಡ್ಜ್ ಕಂಪನಿ 1978 ಮತ್ತು 1979ರಲ್ಲಿ ಮಾತ್ರ ‘ಲಿಲ್ ರೆಡ್ ಎಕ್ಸ್‌ಪ್ರೆಸ್’ ಎಂಬ ಕಡುಗೆಂಪು ಪಿಕಪ್ ಮಾಡಿತು. ತೊಟ್ಟಿಗೆ ಓಕ್ ಮರದ ಹಲಗೆ, ಬಾಗಿಲ ಮೇಲೆ ಬಂಗಾರದ ಬಣ್ಣದ ಬರಹ, ಕ್ಯಾಬಿನ್ನಿನ ಹಿಂದೆ ಲಾರಿಗಳಿಗಿರುವಂತೆ ಎರಡು ನೆಟ್ಟನೆ ಹೊಗೆಕೊಳವೆ. ಎರಡು ವರ್ಷ ಸೇರಿ ತಯಾರಾದದ್ದು ಏಳು ಸಾವಿರ ಚಿಲ್ಲರೆ. ಆ ಕಾಲಕ್ಕೆ ವೇಗದಲ್ಲಿ ಅದು ಅಮೆರಿಕದ ಕಾರುಗಳನ್ನೇ ಹಿಂದೆ ಹಾಕಿತ್ತು. ಮಾಲಿನ್ಯ ನಿಯಮಗಳು ಕಾರುಗಳಷ್ಟು ಬಿಗಿಯಾಗಿ ಈ ತೂಕದ ಗಾಡಿಗೆ ಅನ್ವಯಿಸದೆ ಇದ್ದದ್ದೇ ಗುಟ್ಟು. ಇಂಥದೊಂದನ್ನು ಕೊಳ್ಳುವವನು ಮೊದಲು ನೋಡುವುದು ಎಂಜಿನ್ ಸಂಖ್ಯೆ, ಛಾಸಿ ಸಂಖ್ಯೆ, ಬಣ್ಣದ ಸಂಕೇತ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು. ಒಂದು ಬೋಲ್ಟು ಬೇರೆಯಾಗಿದ್ದರೂ ಬೆಲೆ ಇಳಿಯುತ್ತದೆ.

ಈ ಅಳತೆಗೋಲು ಹಿಡಿದು ಉತ್ತರ ಕರ್ನಾಟಕದ ಹಳೆಯ ಗಾಡಿಯ ಮುಂದೆ ನಿಂತರೆ ತಲೆ ಕೆರೆದುಕೊಳ್ಳಬೇಕಷ್ಟೆ.

ಎರಡನೇ ಮಹಾಯುದ್ಧದ ದಿನಗಳನ್ನೇ ನೋಡಿ. ಪೆಟ್ರೋಲಿಗೆ ಪಡಿತರ ಬಂತು. ಮೋಟಾರುಗಳ ಹಿಂದೆ ಕಬ್ಬಿಣದ ದೊಡ್ಡ ಡಬ್ಬಿ ಕೂರಿಸಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಅನಿಲದಿಂದಲೇ ಎಂಜಿನ್ ಓಡಿಸುತ್ತಿದ್ದರು. ಹೊರಡುವ ಮುಂಚೆ ಕ್ಲೀನರ್ ಹುಡುಗ ತಿದಿ ತಿರುವಿ ಬೆಂಕಿ ಎಬ್ಬಿಸಬೇಕು; ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಇದ್ದಿಲು ಬಸ್ಸಿನ ಈ ಕಥೆಗಳನ್ನು ಹಳಬರ ಬಾಯಲ್ಲಿ ಕೇಳಿದವರು ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಜೀಪು, ಟ್ರಕ್ಕುಗಳು ದೇಶದ ತುಂಬ ಹರಾಜಿಗೆ ಬಂದವು. ಗುಂಡು ಹೊರಲು ಹುಟ್ಟಿದ ಗಾಡಿಗಳು ಗೊಬ್ಬರ ಹೊತ್ತವು. ಕಂಪನಿಯವರು ಬರೆದಿಟ್ಟ ರೂಪ ಅಲ್ಲಿಗೇ ಅರ್ಧ ಅಳಿಸಿಹೋಗಿತ್ತು.

ಸ್ವಾತಂತ್ರ್ಯದ ಬಳಿಕ ಆಟದ ನಿಯಮವೇ ಬದಲಾಯಿತು. ದೇಶದಲ್ಲೇ ತಯಾರಿಸುವವರಿಗಷ್ಟೇ ಜಾಗ, ಬರೀ ಜೋಡಿಸುವವರು ಹೊರಡಬಹುದು ಎಂದು 1953ರಲ್ಲಿ ಸುಂಕ ಆಯೋಗದ ವರದಿಯ ಬೆನ್ನಿಗೆ ಸರ್ಕಾರ ನಿಲುವು ತಳೆಯಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟು ಕಟ್ಟಿದವು. ಉಳಿದವರಲ್ಲಿ ಮುಂಬೈನ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಒಂದು. ಅಮೆರಿಕದ ಕ್ರೈಸ್ಲರ್ ಕಂಪನಿಯ ಒಂದೇ ಬಗೆಯ ಟ್ರಕ್ಕನ್ನು ಅವರು ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಮೂರು ಹೆಸರಿನಲ್ಲಿ ಮಾರುತ್ತಿದ್ದರು. ಮೂತಿಯ ಮೇಲಿನ ಫಲಕ ಬೇರೆ, ಒಳಗೆ ಹೂರಣ ಒಂದೇ. ಇತ್ತ ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್–ಬೆಂಜ್ ಜತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಿತು. 1969ರಲ್ಲಿ ಒಪ್ಪಂದ ಮುಗಿದಾಗ ಲಾರಿ ಹಾಗೆಯೇ ಉಳಿಯಿತು, ಮೂತಿಯ ಮೇಲಿನ ಮೂರು ಕವಲಿನ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ನಕ್ಷತ್ರವಿರುವ ಟಾಟಾ ಲಾರಿ ಸಿಕ್ಕರೆ ಅದು 1969ಕ್ಕಿಂತ ಹಿಂದಿನದು ಎಂದು ಕಣ್ಣುಮುಚ್ಚಿ ಹೇಳುವ ಹಾಗಿಲ್ಲ, ಯಾರೋ ಆಮೇಲೆ ಹಚ್ಚಿರಲೂಬಹುದು. ಆದರೆ ಹುಡುಕುವವರು ಮೊದಲು ನೋಡುವುದು ಅದನ್ನೇ.

ಹಳ್ಳಿಯವರೆಗೆ ಬಂದದ್ದು ಮಾತ್ರ ಜೀಪು. 1940ರ ದಶಕದ ಕೊನೆಯಲ್ಲಿ ಮುಂಬೈನಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಕಚೇರಿಗಳಿಗೆ ಜೀಪು ಬಂತು. ಸರ್ಕಾರ ಎಂದರೆ ಏನೆಂದು ಎಷ್ಟೋ ಹಳ್ಳಿಗಳು ಕಂಡದ್ದು ಅದು ಎಬ್ಬಿಸಿದ ಧೂಳಿನಲ್ಲಿ. ಸಿಜೆ–3ಬಿ ಎಂಬ ಮಾದರಿಗೆ ಬಾನೆಟ್ಟು ಎತ್ತರ. ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ ಹಿಂದಿನದಕ್ಕಿಂತ ಎತ್ತರವಾದ್ದರಿಂದ ಮುಚ್ಚಳ ಎತ್ತದೆ ಗತಿಯಿರಲಿಲ್ಲ. ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತಿತು. ಭಾರತದಲ್ಲಿ ಅದೇ ಮುಖ ಇನ್ನೂ ದಶಕಗಟ್ಟಲೆ ಓಡಾಡಿತು. ಹಲವು ಗಾಡಿಗಳಿಗೆ ಸ್ಟಿಯರಿಂಗ್ ಎಡಕ್ಕಿತ್ತು. ಹಿಂದೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ದೊಡ್ಡದಾಗಿ ಬರೆಸುವುದು ಆಗಿನ ರೂಢಿ. 1965ರಿಂದ ಮಹೀಂದ್ರದ ಹಗುರ ಸರಕು ಗಾಡಿಗಳೂ ಬಂದವು. ಎಂಜಿನ್ನಿನ ಮೇಲೆಯೇ ಚಾಲಕ ಕೂರುವ ಎಫ್‌ಸಿಯ ಮೂಲ ವಿನ್ಯಾಸ ಅಮೆರಿಕದ ಬ್ರೂಕ್ಸ್ ಸ್ಟೀವನ್ಸ್‌ನದು. ನಮ್ಮಲ್ಲಿ ಅದು ಆಂಬುಲೆನ್ಸ್ ಆಯಿತು, ಪೊಲೀಸ್ ವ್ಯಾನ್ ಆಯಿತು, ತರಕಾರಿ ಗಾಡಿಯಾಯಿತು.

ಪುಣೆಯ ಕಡೆಯಿಂದ ಇನ್ನೊಂದು ಸಾಲು. 1958ರಲ್ಲಿ ಫಿರೋದಿಯಾ ಅವರ ನೇತೃತ್ವದಲ್ಲಿ ಹುಟ್ಟಿದ ಬಜಾಜ್ ಟೆಂಪೊ ಕಂಪನಿ ಮೊದಲು ಮೂರು ಗಾಲಿಯ ಹನ್ಸಿಯಾಟ್ ತಂದಿತು. ಮುಂದೊಂದು ಗಾಲಿ, ಹಂದಿಯದರಂಥ ಮೂತಿ, ತಿರುವಿನಲ್ಲಿ ಎದೆ ಝಲ್ಲೆನಿಸುವ ವಾಲಾಟ. 1969ರಲ್ಲಿ ಮ್ಯಾಟಡೋರ್ ಬಂತು. ಲಾರಿಗೆ ದೊಡ್ಡದಾದ ಗಲ್ಲಿ, ಚಕ್ಕಡಿಗೆ ದೂರವಾದ ಸಂತೆ ಎರಡಕ್ಕೂ ಇವು ಒಗ್ಗಿದವು. ಬೈಲಹೊಂಗಲದ ಹತ್ತಿ, ರಾಮದುರ್ಗದ ಕೈಮಗ್ಗದ ಸೀರೆ, ಸವದತ್ತಿ ಸಂತೆಯ ಕಾಳುಕಡಿ ಧಾರವಾಡ, ಹುಬ್ಬಳ್ಳಿ ಮುಟ್ಟಲು ಈ ಗಾತ್ರದ ಗಾಡಿಯೇ ಬೇಕಿತ್ತು. ಒಂದೇ ಗಾಡಿಯ ಧೈರ್ಯದ ಮೇಲೆ ದೊಡ್ಡ ಸಾರಿಗೆ ಕಟ್ಟಿದ್ದೂ ಇದೇ ಸೀಮೆಯ ಪಕ್ಕದಲ್ಲಿ. ವಿಜಯ ಸಂಕೇಶ್ವರ 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಆ ಕಥೆ 2022ರಲ್ಲಿ ‘ವಿಜಯಾನಂದ’ ಸಿನಿಮಾ ಕೂಡ ಆಯಿತು.

1973ರ ತೈಲ ಬಿಕ್ಕಟ್ಟು ಈ ಗಾಡಿಗಳ ಎದೆಯನ್ನೇ ಕಿತ್ತಿತು. ಪೆಟ್ರೋಲ್ ಕೈಗೆಟುಕದಾಯಿತು. ಜೀಪಿನ ಹರಿಕೇನ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ಗ್ಯಾರೇಜುಗಳ ದೊಡ್ಡ ಕೆಲಸವಾಯಿತು. ಮ್ಯಾಟಡೋರ್ ಎಂಜಿನ್ ಹಾಕಿಸಿದ ಜೀಪು, ಅದೇ ಎಂಜಿನ್ ಹಾಕಿಸಿದ ಅಂಬಾಸಿಡರ್ ಯಾವ ಊರಲ್ಲಿ ಇರಲಿಲ್ಲ? ಮುಂದೆ ಮಹೀಂದ್ರ ಕಂಪನಿಯೇ ಜೀಪಿಗೆ ಫ್ರಾನ್ಸಿನ ಪ್ಯೂಜೋ ತಂತ್ರದ ಡೀಸೆಲ್ ಎಂಜಿನ್ ಕೊಡತೊಡಗಿತು. ಇಳಿದ ಹಳೆಯ ಎಂಜಿನ್ ತೂಕಕ್ಕೆ ಹೋಯಿತು. ಒಡೆದ ಗಾಡಿಗಳ ಅಚ್ಚು, ಗಾಲಿಗಳು ಚಕ್ಕಡಿಗೆ ಬಂದವು; ಟೈರಿನ ಚಕ್ಕಡಿ ಎಂದು ಹೊಲಕ್ಕೆ ಹೋಗುವ ಎಷ್ಟೋ ಗಾಡಿಗಳ ಕೆಳಗೆ ಮೋಟಾರಿನ ಎಲುಬಿದೆ. ಬಂಡಿಯಿಂದ ಮೋಟಾರಿಗೆ ಹೋದ ಬಡಿಗೇರನ ವಿದ್ಯೆಗೆ ಮೋಟಾರು ಹೀಗೆ ಸಾಲ ತೀರಿಸಿತು ಎನ್ನಬಹುದು.

ಈಗ ಇಂಥದೊಂದು ಗಾಡಿ ಹಿತ್ತಲಲ್ಲೋ ಹಳೆಯ ಗ್ಯಾರೇಜಿನ ಬೇಲಿಯಲ್ಲೋ ಸಿಕ್ಕಿತು ಎನ್ನೋಣ. ಬಾಗಿಲ ಬಣ್ಣ ಕೆರೆದರೆ ಪದರ ಪದರವಾಗಿ ಊರಿನ ಕಥೆ ಬಿಚ್ಚಿಕೊಳ್ಳುತ್ತದೆ. ಮೇಲೆ ಮಾಸಿದ ನೀಲಿ, ಅದರಡಿ ‘ಶ್ರೀ ರೇಣುಕಾ ಯಲ್ಲಮ್ಮ ಪ್ರಸನ್ನ’ ಬರಹದ ಹಳದಿ, ಇನ್ನೂ ಕೆಳಗೆ ಯಾವುದೋ ಇಲಾಖೆಯ ಬೂದು. ಪಾಟಾ ಕಮಾನುಗಳ ಬುಡದಲ್ಲಿ ಛಾಸಿ ಬಿರುಕು ಬಿಟ್ಟು ವೆಲ್ಡಿಂಗ್ ಹೊಲಿಗೆ ಬಿದ್ದಿರುತ್ತದೆ. ಒಂದು ಕಮಾನಿನ ಎಲೆ ಇನ್ನಾವುದೋ ಲಾರಿಯದು. ತೊಟ್ಟಿಯ ತಳಕ್ಕೆ ತಗಡಿನ ಮೇಲೆ ತಗಡು. ಸ್ಪೀಡೋಮೀಟರ್ ಇದ್ದ ಜಾಗದಲ್ಲಿ ದೇವರ ಫೋಟೊ. ರಿಪೇರಿಗೆ ಇಳಿದವರು ಬಾಡಿಯನ್ನು ಛಾಸಿಯಿಂದ ಎತ್ತಿ, ತುಕ್ಕು ಕೆರೆದು, ಕಿಂಗ್ ಪಿನ್ ಬುಷ್ ಬದಲಿಸಿ, ಬ್ರೇಕಿನ ವ್ಹೀಲ್ ಸಿಲಿಂಡರು ಬಿಚ್ಚಿ, ಬ್ಲಾಕನ್ನು ಲೇತಿಗೆ ಕೊಟ್ಟು ಬೋರಿಂಗ್ ಮಾಡಿಸಿ ಹೊಸ ಸ್ಲೀವು, ಪಿಸ್ಟನ್, ರಿಂಗು ಕೂರಿಸುತ್ತಾರೆ. ಅಗ್ಗದ ಕೆಲಸವಾದರೆ ತೂತಿನ ಮೇಲೆ ಲಾಂಬಿ ಮೆತ್ತಿ ಬಣ್ಣ ಹೊಡೆಯುತ್ತಾರೆ, ಎರಡು ಮಳೆಗಾಲಕ್ಕೆ ಅದು ಉಬ್ಬಿ ಬೀಳುತ್ತದೆ. ಎಲ್ಲ ಮುಗಿದ ದಿನ ಹ್ಯಾಂಡಲ್ ಹಾಕಿ ತಿರುವುವಾಗ ಹಳೆಯ ಮಿಸ್ತ್ರಿಗಳು ಹುಡುಗರಿಗೆ ಹೇಳುವ ಮಾತೊಂದಿದೆ: ಹೆಬ್ಬೆರಳನ್ನು ಉಳಿದ ಬೆರಳ ಬದಿಗೇ ಇಡು, ಹಿಡಿಕೆಗೆ ಸುತ್ತಬೇಡ. ಎಂಜಿನ್ ತಿರುಗಿ ಒದ್ದರೆ ಬೆರಳು ಮುರಿಯುತ್ತದೆ.

ಬಿಡಿಭಾಗದ ತೊಂದರೆ ಅಂದುಕೊಂಡಷ್ಟಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಲೇತುಗಳೂ ಸಾಲುಗಟ್ಟಿವೆ. ಮಾದರಿ ಕೊಟ್ಟರೆ ಹಾಗೇ ಮಾಡಿಕೊಡುವ ಕೈಗಳು ಅಲ್ಲಿವೆ. ಆ ಊರಿನ ಗುಣವೇ ಹಾಗೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲೇ. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಅಲ್ಲಿಂದಲೇ ಹೊರಟವು. ನಿಜವಾದ ತೊಡಕು ಬೇರೆ: ಗಾಡಿಯನ್ನು ಯಾವ ರೂಪಕ್ಕೆ ಮರಳಿಸಬೇಕು? ಕಾರ್ಖಾನೆಯಿಂದ ಬಂದಾಗಿನ ರೂಪಕ್ಕೆಂದರೆ ಡೀಸೆಲ್ ಎಂಜಿನ್ ಕಿತ್ತು ಎಲ್ಲಿಂದಲೋ ಹರಿಕೇನ್ ತರಬೇಕು, ಯಲ್ಲಮ್ಮನ ಹೆಸರು ಅಳಿಸಬೇಕು, ಬಡಿಗೇರ ಕಟ್ಟಿದ ತೊಟ್ಟಿ ಒಡೆಯಬೇಕು. ಆಗ ಉಳಿಯುವುದು ಅಮೆರಿಕದ ಒಂದು ಜೀಪು, ಉಗರಗೋಳದ ದಾರಿಯಲ್ಲಿ ದುಡಿದ ಗಾಡಿಯಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಇದೇ ಪ್ರಶ್ನೆಗೆ ಉತ್ತರ ಹುಡುಕಿ 2012–13ರಲ್ಲಿ ಟ್ಯೂರಿನ್ ಸನ್ನದು ಎಂಬ ನೀತಿಪತ್ರ ಹೊರತಂದಿತು. ದುಡಿಮೆಯ ಗುರುತುಗಳೂ ಗಾಡಿಯ ಚರಿತ್ರೆಯ ಭಾಗ, ಸಾಧ್ಯವಾದಷ್ಟು ಇದ್ದದ್ದನ್ನು ಉಳಿಸಿ, ಬದಲಿಸುವುದು ಕಡಿಮೆ ಇರಲಿ, ಬದಲಿಸಿದ್ದನ್ನು ಬರೆದಿಡಿ ಎಂಬುದು ಅದರ ತಿರುಳು. ಹೊಳೆಯುವ ಬಣ್ಣವನ್ನೇ ಮೆಚ್ಚುವ ಮಂದಿಗೆ ಇದು ರುಚಿಸಲಿಕ್ಕಿಲ್ಲ. ಆದರೆ ನಮ್ಮ ಸರಕು ಗಾಡಿಗಳಿಗೆ ಇದಕ್ಕಿಂತ ಒಪ್ಪುವ ಸೂತ್ರ ಬೇರೆಯಿಲ್ಲ. ಕಂಪನಿಯ ವಿಶೇಷ ಆವೃತ್ತಿ ನಮ್ಮ ಹಳ್ಳಿಗೆ ಬರಲೇ ಇಲ್ಲ. ಬಡಿಗೇರ, ಕಮ್ಮಾರ, ಪೇಂಟರ್ ಸೇರಿ ಮಾಡಿದ್ದೇ ವಿಶೇಷ ಆವೃತ್ತಿ. ಒಂದರಂತೆ ಇನ್ನೊಂದು ಇರಲಿಲ್ಲ, ಎಲ್ಲವೂ ಒಂದೊಂದೇ ಪ್ರತಿ. ಅಪರೂಪದ ಲೆಕ್ಕ ಹಾಕುವುದಾದರೆ ಏಳು ಸಾವಿರ ತಯಾರಾದ ಕೆಂಪು ಡಾಡ್ಜ್ ಇವುಗಳ ಮುಂದೆ ಸಂತೆಯ ಸಾಮಾನು.

ಕಾನೂನಿನ ಕಣ್ಣಿಗೆ ಮಾತ್ರ ಇವು ಬಿದ್ದಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರವಿರುವ ನಂಬರು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ. ಒಳ್ಳೆಯದೇ. ಆದರೆ ಅದು ಖಾಸಗಿ, ವಾಣಿಜ್ಯೇತರ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ. ಬಾಡಿಗೆಗೆ ದುಡಿದ ಸರಕು ಗಾಡಿ, ಅದರಲ್ಲೂ ಎಂಜಿನ್ ಬದಲಾದದ್ದು, ಈ ಬಾಗಿಲಲ್ಲಿ ಒಳಗೆ ಬರುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಾದ ರೂಪವನ್ನು ಬದಲಿಸುವುದನ್ನೇ ತಡೆಯುತ್ತದೆ. ಆರ್‌ಸಿಯಲ್ಲಿ ದಾಖಲಾಗದ ಎಂಜಿನ್ ಕೂತಿದ್ದರೆ ಕಾಗದ ಸರಿಪಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಇನ್ನೊಂದೆಡೆ ಗುಜರಿ ನೀತಿ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರಕು ಗಾಡಿಗಳ ಫಿಟ್‌ನೆಸ್ ಶುಲ್ಕ ಹಲವು ಪಟ್ಟು ಏರಿತು. ಹೊಗೆ ಉಗುಳುವ, ಬ್ರೇಕು ಹಿಡಿಯದ ಗಾಡಿ ರಸ್ತೆ ಬಿಡಬೇಕಾದದ್ದು ನ್ಯಾಯ. ಐವತ್ತು ವರ್ಷದವರೆಗೆ ಉಳಿದರೆ ಗೌರವ, ಹದಿನೈದಕ್ಕೇ ಉಳಿಯಲು ಬಿಡುವುದಿಲ್ಲ ಎಂದರೆ ನಡುವಿನ ಮೂವತ್ತೈದು ವರ್ಷ ಅದು ಎಲ್ಲಿ ಅಡಗಿರಬೇಕು ಎಂಬುದು ಮಾತ್ರ ಯಾರಿಗೂ ಹೊಳೆದಂತಿಲ್ಲ.

ಕರ್ನಾಟಕದಲ್ಲಿ ಹಳೆಯ ಮೋಟಾರುಗಳನ್ನು ಪ್ರೀತಿಯಿಂದ ಕಾಪಾಡಿದವರಿಲ್ಲವೆಂದಲ್ಲ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಕಾರುಗಳ ಸಂಗ್ರಹ ಹೆಸರಾಗಿದೆ; ಶ್ರೀರಂಗಪಟ್ಟಣದ ಕಡೆಯ ‘ಪಯಣ’ ಸಂಗ್ರಹಾಲಯ ಅದರದೇ ಮುಂದುವರಿಕೆ. ಬೆಂಗಳೂರಿನ ವಿಂಟೇಜ್ ಕಾರು ಸಂಘದವರು ಮೆರವಣಿಗೆ ನಡೆಸುತ್ತಾರೆ. ಜನ ನಿಂತು ನೋಡುವುದು ಹೆಚ್ಚಾಗಿ ಅರಸರ, ಸಿರಿವಂತರ ಕಾರುಗಳನ್ನು. ಬೆಳಗಾವಿ ಜಿಲ್ಲೆಯ ದುಡಿದ ಗಾಡಿಗಳಿಗೆಂದು ಅಂಥದೊಂದು ಅಂಗಳ ಬೇಕಿದ್ದರೆ ಧಾರವಾಡ–ಕಿತ್ತೂರು ನಡುವಿನ ಹೆದ್ದಾರಿಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಕಾರ್ಖಾನೆ ಇರುವುದು ಆ ದಾರಿಯಲ್ಲೇ. 2005ರಲ್ಲಿ ಬಂದ ಎರಡು ಸಿಲಿಂಡರಿನ, 702 ಸಿಸಿಯ ಟಾಟಾ ಏಸ್ ದೇಶದ ಸಾಗಾಟದ ಲೆಕ್ಕಾಚಾರವನ್ನೇ ಬದಲಿಸಿತು. ಅದರ ತಮ್ಮನಾದ ಏಸ್ ಜಿಪ್ 2012ರಿಂದ ಧಾರವಾಡದಲ್ಲೇ ತಯಾರಾಯಿತು. ಅದಕ್ಕೂ ಮುಂಚೆ, 1988ರಲ್ಲಿ, ಟಾಟಾಮೊಬೈಲ್ ಎಂಬ ಪಿಕಪ್ ಬಂದಿತ್ತು. ಇಂದಿನ ಪಿಕಪ್ಪುಗಳಿಗೆ ಅದು ಅಜ್ಜ. 2038ಕ್ಕೆ ಅದಕ್ಕೂ ಐವತ್ತು ತುಂಬುತ್ತದೆ. ಆಗ ತೋರಿಸಲು ಈ ಸೀಮೆಯಲ್ಲಿ ಒಂದಾದರೂ ಉಳಿದಿರುತ್ತದೆಯೇ ಎಂಬುದು ಅನುಮಾನ.

ಪಿಕಪ್ಪನ್ನು ಹೊಗಳುವ ಭರದಲ್ಲಿ ಮರೆಯಬಾರದ್ದೊಂದಿದೆ. 2023ರ ಜನವರಿ ಮೊದಲ ವಾರ, ಬನದ ಹುಣ್ಣಿಮೆಯ ಹೊತ್ತು, ರಾಮದುರ್ಗ ತಾಲೂಕಿನ ಹುಲಕುಂದದ ಭಕ್ತರು ಯಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ದಾರಿಯಲ್ಲಿ ಸರಕು ಸಾಗಿಸುವ ಗಾಡಿಯೊಂದನ್ನು ಹತ್ತಿದರು. ಗಾಡಿ ಆಲದ ಮರಕ್ಕೆ ಬಡಿದು ಆರು ಮಂದಿ ಸತ್ತರು. ಸರಕು ಗಾಡಿಯಲ್ಲಿ ಮಂದಿ ಕೂರುವುದು ಕಾನೂನಿಗೆ ವಿರುದ್ಧ. ಆದರೆ ಬಸ್ಸಿಲ್ಲದ ದಾರಿಯಲ್ಲಿ, ಸಂಜೆಯಾದ ಮೇಲೆ ಬಡವರು ಹತ್ತುವುದು ಅದನ್ನೇ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಗುಡ್ಡಕ್ಕೆ ಬಸ್ಸಿನಲ್ಲೇ ಬರುವುದು ಹೆಚ್ಚಿದೆ. ಪಿಕಪ್ಪಿನ ತೊಟ್ಟಿ ಖಾಲಿಯಾದಷ್ಟೂ ಒಳ್ಳೆಯದು. ಹಳೆಯ ಗಾಡಿ ಉಳಿಸುವುದೆಂದರೆ ಅದನ್ನು ಮತ್ತೆ ಮಂದಿ ಹೇರಿ ಓಡಿಸುವುದಲ್ಲ ಎಂಬುದಕ್ಕೂ ಇದೇ ಪುರಾವೆ.

ನೋಂದಣಿಯ ಕಾಗದಗಳು ಗಾಡಿಗಳಿಗಿಂತ ಬೇಗ ಹಾಳಾಗುತ್ತವೆ. ‘ಎಂವೈ’ಯಿಂದ ಶುರುವಾಗುವ ನಂಬರು ಮೈಸೂರು ರಾಜ್ಯದ ಕಾಲದ್ದು, ‘ಸಿ’ಯಿಂದ ಶುರುವಾಗುವುದು ಆಮೇಲಿನದು, ಬೈಲಹೊಂಗಲದ ‘ಕೆಎ 24’ ಈಗಿನದು. ಮನೆಯಲ್ಲಿ, ಹೊಲದ ಷೆಡ್ಡಿನಲ್ಲಿ, ಹಳೆಯ ಗ್ಯಾರೇಜಿನಲ್ಲಿ ಇಂಥ ಗಾಡಿ ಇರುವವರು ಗುಜರಿಯವನನ್ನು ಕರೆಯುವ ಮುಂಚೆ ಮೂರು ಕೆಲಸ ಮಾಡಲಿ. ಆರ್‌ಸಿ ಪುಸ್ತಕದ ನಕಲು ತೆಗೆದಿಡಲಿ. ಛಾಸಿ ಫಲಕದ್ದೂ ಬಾಗಿಲ ಬರಹದ್ದೂ ಫೋಟೊ ಹಿಡಿಯಲಿ. ಬಾಡಿ ಕಟ್ಟಿದವರು ಯಾರು, ಯಾವ ಊರಿನವರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಲಿ. ಗಾಡಿ ಉಳಿಯದಿದ್ದರೂ ಕಟ್ಟಿದವರ ಹೆಸರು ಉಳಿಯುತ್ತದೆ.